ಹನ್ನೊಂದನೆಯ ಟೇಕು

ಬಾರ್ಮತ್ತಿನ ಹಳೆಯ ಚಾಪೆಲ್
ಈಗ ಶನಿವಾರಕ್ಕೊಮ್ಮೆ ಟಾಕೀಸು.
ಪಾದ್ರಿ ನಿಲ್ಲುತ್ತಿದ್ದ ಕಡೆ ಪರದೆ.
ಬೆಂಚುಗಳು ಮಾತ್ರ ಅವೇ, ಬೆನ್ನಿನ ಮೇಲೆ ಕರುಣೆಯಿಲ್ಲದವು.
ಇವತ್ತು ರಕ್ತ ಹೀರುವವನ ಸಿನಿಮಾ.
ಟಿಕೆಟ್ ಹರಿಯುವ ಹುಡುಗ ನನ್ನ ಆಸ್ಪತ್ರೆ ಬಿಲ್ಲೆ ನೋಡಿ
'ನಿಮಗೆ ಅರ್ಧ ದರ, ಕಸುಬು ಒಂದೇ' ಎಂದು ನಕ್ಕ.

ಸುಳ್ಳಲ್ಲ. ಬೆಳಿಗ್ಗೆ ಏಳರಿಂದ
ತೋಳು ಬಿಗಿದು, ತಟ್ಟಿ, ಇರುವೆ ಕಚ್ಚಿದ ಹಾಗಷ್ಟೇ ಎಂದು ನಂಬಿಸಿ
ಊರವರ ರಕ್ತ ಸೀಸೆಗಿಳಿಸುವವಳು ನಾನು.
ನಾಗವೇಣಿ ಎಂಬ ಹೆಸರು ಇವರ ನಾಲಿಗೆಯಲ್ಲಿ ಸವೆದು ಸವೆದು
ವೇನ್ ಆಗಿದೆ; ಅಂದರೆ ರಕ್ತನಾಳ.
ತಿದ್ದುವುದನ್ನು ಎಂದೋ ಬಿಟ್ಟೆ.

ದೀಪ ಆರಿತು.
ಕಪ್ಪು ಬಿಳುಪು. ಮಂಜು. ಒಂದು ಸಾರೋಟು.
ಅವನು ಬಂದು ಹೊಸ್ತಿಲಾಚೆ ನಿಂತ.
ಒಳಗೆ ಕರೆಯದೆ ಕಾಲಿಡುವಂತಿಲ್ಲವಂತೆ ಇಲ್ಲಿಯ ಪಿಶಾಚಿಗಳು,
ಎಂಥ ಮರ್ಯಾದಸ್ಥರು!
ನಮ್ಮ ಓಣಿಯಲ್ಲಾದರೆ ಕದದ ಮೇಲೆ ಸುಣ್ಣದಲ್ಲಿ
'ನಾಳೆ ಬಾ' ಎಂದು ಗೀಚಿ ಸಾಗಹಾಕುತ್ತಿದ್ದೆವು.
ಅದೂ ಕೂಡಿಸಿ ಕೂಡಿಸಿ ಓದಿ, ನಂಬಿ, ಹಿಂತಿರುಗುತ್ತಿತ್ತು
ಪಾಪ, ಅಕ್ಷರ ಬಲ್ಲ ದೆವ್ವ.
ಇಲ್ಲಿ ಹುಡುಗಿ ಕದ ತೆರೆದು 'ಬಾ' ಎಂದೇಬಿಟ್ಟಳು.
ಹತ್ತೊಂಬತ್ತರ ಹುಡುಗಿ, ಬಿಳಿ ನಿಲುವಂಗಿ.
ಕತ್ತು ವಾಲಿಸಿದಾಗ ಎಲ್ಲರೂ ಉಸಿರು ಹಿಡಿದರು.
ನಾನು ಮಾತ್ರ, ಕಸುಬಿನ ದೋಷ,
ಆಹಾ, ಒಳ್ಳೇ ನಾಳ, ಅಂದುಕೊಂಡೆ.

ಮುಗಿದು ಬೆಳಕಾದಾಗ
ಮುಂದಿನ ಬೆಂಚಿನಿಂದ ಕೋಲೂರಿ ಎದ್ದಳು
ಓಲ್ವೆನ್ ಪ್ರಿಚರ್ಡ್, ಎಂಬತ್ತಮೂರು.
'ಸತ್ತವಳು ನಾನೇ' ಎಂದಳು.
ಚಪ್ಪಾಳೆ.

'ಮೂರು ರಾತ್ರಿ ತೆಗೆದರು, ಗುಡ್ಡದಾಚೆ ದನದ ಕೊಟ್ಟಿಗೆಯಲ್ಲಿ.
ಮಂಜೆಂದರೆ ಹಸಿಹುಲ್ಲಿನ ಹೊಗೆ;
ಕೆಮ್ಮು ನುಂಗಿಕೊಂಡು ಮೋಹದಿಂದ ನೋಡಬೇಕು.
ರಕ್ತವೋ, ಕಾಕಂಬಿ. ಕಪ್ಪು ಬಿಳುಪಿನಲ್ಲಿ ಕೆಂಪು ಯಾರಿಗೆ ಬೇಕು?
ಒಂದು ಕರು ಬಂದು ನನ್ನ ಕತ್ತು ನೆಕ್ಕಿತು.
ಅವನ ಕೋರೆ ನಮ್ಮೂರ ಹಲ್ಲಿನ ಡಾಕ್ಟರು ಮಾಡಿದ್ದು, ಸಡಿಲ,
ಕಚ್ಚಿದಾಗಲೆಲ್ಲ ಕಳಚಿ ನನ್ನ ರವಿಕೆಯೊಳಗೆ.
ಹನ್ನೊಂದನೇ ಟೇಕಿಗೆ ಕಿರುಚಿದ್ದು ಭಯಕ್ಕಲ್ಲ, ಚಳಿಗೆ.
ಅದನ್ನೇ ಇಟ್ಟುಕೊಂಡರು.'

ಒಂದು ಮಗು ಕೈಯೆತ್ತಿತು:
ಕನ್ನಡಿಯಲ್ಲಿ ಕಾಣದವನು ಕ್ಯಾಮೆರಾದಲ್ಲಿ ಹೇಗೆ ಕಂಡ?
ಯಾರೂ ಮಾತಾಡಲಿಲ್ಲ.
ಯಂತ್ರದ ಹಿಂದಿನ ಇವಾನ್ ರೀಲು ಸುತ್ತುತ್ತ, ತನಗೇ ಎಂಬಂತೆ,
'ಇದರ ಮೈತುಂಬ ಬೆಳ್ಳಿಯ ಪುಡಿ,
ದನದ ಮೂಳೆ ಬೇಯಿಸಿದ ಅಂಟಿನಲ್ಲಿ ಕೂತಿದೆ.
ಬಿಸಿಲು ಬಿದ್ದರೆ ಸಾಯುತ್ತಾನೆ, ಅದು ಕಥೆ.
ನನ್ನ ದೀಪ ಕೆಟ್ಟರೆ ಸಾಯುತ್ತಾನೆ, ಇದು ಕೆಲಸ' ಎಂದ.
ಮಗುವಿಗೆ ತಿಳಿಯಿತೋ ಇಲ್ಲವೋ. ನನಗೆ ಬೆಳ್ಳಿತೆರೆ ಎಂಬ ಮಾತು
ಮೊದಲ ಸಲ ಬಾಯಲ್ಲಿ ಲೋಹದ ಹಾಗೆ ರುಚಿಸಿತು.

ಹೊರಗೆ ಕಡಲ ಗಾಳಿ.
'ಮಂಗಳವಾರ ನೀನೇ ಅಲ್ಲವೆ?' ಓಲ್ವೆನ್ ಕೈಗವಸು ಕಳಚಿದಳು.
ಮುಂಗೈ ಮೇಲೆ ನೇರಳೆಹಣ್ಣಿನ ಕಲೆ.
ಮೂರು ಸಲ ಚುಚ್ಚಿದ್ದೆ. ನಾಳ ಮೀನಿನಂತೆ ಜಾರಿತ್ತು.
'ಅವನೇ ಎಷ್ಟೋ ವಾಸಿ' ಎಂದು ನಕ್ಕಳು,
ಆಮೇಲೆ ನಗಲಿಲ್ಲ.
'ಅವನದೇನು, ಅವನು ಎಪ್ಪತ್ತಾರರಲ್ಲೇ ಪಿತ್ತಕೋಶ ಕೆಟ್ಟು ಹೋದ.
ಅವಳನ್ನು ನೋಡು. ಆ ಹುಡುಗಿ.
ಇನ್ನೂ ಹತ್ತೊಂಬತ್ತೇ.
ದೀಪ ಹಚ್ಚಿದಾಗಲೆಲ್ಲ ಎದ್ದು ಬಂದು
ನನ್ನದೊಂದಿಷ್ಟು ಕುಡಿದು ಹೋಗುತ್ತಾಳೆ.'

ಮನೆವರೆಗೂ ತೋಳು ಹಿಡಿದು ನಡೆಸಿದೆ.
ಮೀನಂಗಡಿ ಮೇಲಿನ ಒಂದೂವರೆ ಕೋಣೆ.
ಬೀಗ ತೆಗೆದು ತಿರುಗಿ, ಚಹಾ ಇದೆ, ಒಳಗೆ ಬಾ, ಎಂದಳು.
ಕೋಲಿನ ಜೊತೆ ಅವಳ ನೆರಳೂ ನಡುಗುತ್ತಿತ್ತು.
ನಾನು ಹೊಸ್ತಿಲಾಚೆ ನಿಂತಿದ್ದೆ,
ಚೀಲದಲ್ಲಿ ಮುಚ್ಚಳ ಹಾಕಿದ ಸೂಜಿಗಳು.

ನಾಳೆ ಬರುತ್ತೇನೆ, ಎಂದೆ,
ಕದದ ಮೇಲಿನ ಬರಹ ಓದಿದವಳ ಹಾಗೆ.